ಪುಟ್ಟ ಮಕ್ಕಳ ಕೈಗೊಂದು ಅಳತೆಪಟ್ಟಿ: ಅಳೆಯುವುದು, ಬರೆದಿಡುವುದು, ಗ್ರಾಫ್ ಮಾಡುವುದು

ಗ್ರಾಫ್ ಎಂದೊಡನೆ ನಮಗೆ ನೆನಪಾಗುವುದು ಹೈಸ್ಕೂಲಿನ ಗಣಿತ, ಇಲ್ಲವೇ ಟೀವಿಯಲ್ಲಿ ಕಾಣುವ ಷೇರುಪೇಟೆಯ ಏರಿಳಿತ. ಕೂಡುವ ಲೆಕ್ಕವನ್ನೇ ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಅದೆಲ್ಲ ಏಕೆ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಆರೇಳು ವರ್ಷದ ಮಕ್ಕಳೂ ತಾವೇ ಅಳೆದು, ಬರೆದಿಟ್ಟು, ಚಿತ್ರವಾಗಿ ತೋರಿಸಬಲ್ಲರು. ಅದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ, ಸ್ವಲ್ಪ ಬಣ್ಣದ ಕಾಗದ, ಜೊತೆಗೆ ದೊಡ್ಡವರ ತಾಳ್ಮೆ.

ಮೊದಲು ಹೋಲಿಕೆ, ಆಮೇಲೆ ಅಳತೆ

ಒಂದೇ ಉದ್ದದ ಎರಡು ಕಡ್ಡಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಪುಟ್ಟ ಮಕ್ಕಳು ಎರಡೂ ಸಮ ಎನ್ನುತ್ತಾರೆ. ಅದರಲ್ಲೊಂದನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಹಲವರು ಅದೇ ಉದ್ದ ಎಂದುಬಿಡುತ್ತಾರೆ. ಸ್ವಿಟ್ಜರ್‌ಲ್ಯಾಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಯೋಚನೆಯ ಈ ಬಗೆಯನ್ನು ವಿವರವಾಗಿ ಗಮನಿಸಿದ್ದರು. ಹಾಗಾಗಿ ಸೆಂಟಿಮೀಟರಿಗೆ ಹೋಗುವ ಮುನ್ನ ಎರಡು ವಸ್ತುಗಳ ತುದಿಗಳನ್ನು ಸರಿಯಾಗಿ ಜೋಡಿಸಿ ಹೋಲಿಸುವುದನ್ನು ಕಲಿಸಬೇಕು.

ಮುಂದಿನ ಹೆಜ್ಜೆ ಗೇಣು. ಮೇಜನ್ನು ಮಗುವೂ ಅಪ್ಪನೂ ತಮ್ಮ ತಮ್ಮ ಗೇಣಿನಲ್ಲಿ ಅಳೆಯಲಿ. ಮಗುವಿಗೆ ಹತ್ತು ಗೇಣು ಬಂದಲ್ಲಿ ಅಪ್ಪನಿಗೆ ಆರೇಳು ಬರಬಹುದು. ಮೇಜು ಒಂದೇ, ಲೆಕ್ಕ ಎರಡು! ಎಲ್ಲರಿಗೂ ಒಂದೇ ಅಳತೆ ಏಕೆ ಬೇಕು ಎನ್ನುವುದು ಆಗ ಬಾಯಿಪಾಠವಿಲ್ಲದೆಯೇ ಅರ್ಥವಾಗುತ್ತದೆ.

ಅಳತೆಪಟ್ಟಿ ಕೊಟ್ಟಾಗ ಗಮನಿಸಬೇಕಾದ ಸಂಗತಿ ಸೊನ್ನೆ. ಎಣಿಕೆ ಒಂದರಿಂದ ಶುರುವಾಗುವುದರಿಂದ ಮಕ್ಕಳು ಅಳತೆಯನ್ನೂ ಒಂದರಿಂದಲೇ ಶುರುಮಾಡುತ್ತಾರೆ. ಅನೇಕ ಪಟ್ಟಿಗಳಲ್ಲಿ ಸೊನ್ನೆಯ ಗೆರೆ ಅಂಚಿನಲ್ಲಿರದೆ ಸ್ವಲ್ಪ ಒಳಗಿರುತ್ತದೆ ಎನ್ನುವುದನ್ನೂ ತೋರಿಸಿಕೊಡಬೇಕು.

ಹೆಸರುಕಾಳಿನ ಪ್ರಯೋಗ

ದಿನದಿಂದ ದಿನಕ್ಕೆ ಬದಲಾಗುವ ವಸ್ತುವನ್ನು ಅಳೆಯುವುದು ಮಕ್ಕಳಿಗೆ ಇಷ್ಟ. ಅದಕ್ಕೆ ಹೆಸರುಕಾಳಿಗಿಂತ ಒಳ್ಳೆಯದು ಸಿಗುವುದು ಕಷ್ಟ. ರಾತ್ರಿಯಿಡೀ ನೆನೆಸಿದ ಕಾಳುಗಳನ್ನು ಎರಡು ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ, ಐದೈದರಂತೆ ಬಿತ್ತೋಣ. ಒಂದನ್ನು ಬಿಸಿಲು ಬರುವ ಕಿಟಕಿಯಲ್ಲಿ, ಇನ್ನೊಂದನ್ನು ಕತ್ತಲಿರುವ ಕಪಾಟಿನಲ್ಲಿ ಇಡೋಣ. ಎರಡಕ್ಕೂ ಒಂದೇ ಪ್ರಮಾಣದ ನೀರು. ಯಾವ ಚಿಪ್ಪಿನ ಗಿಡ ಉದ್ದ ಬೆಳೆಯುತ್ತದೆ ಎಂದು ಮಕ್ಕಳು ಮೊದಲೇ ಊಹಿಸಿ ಬರೆದಿಡಲಿ.

ಅಳೆಯುವ ಮುನ್ನ ಕೆಲವು ನಿಯಮಗಳನ್ನು ಮಕ್ಕಳೇ ಒಪ್ಪಿಕೊಳ್ಳಬೇಕು: ದಿನವೂ ಒಂದೇ ಹೊತ್ತಿಗೆ ಅಳೆಯುವುದು, ಮಣ್ಣಿನಿಂದ ತುದಿಯವರೆಗೆ ಅಳೆಯುವುದು, ಬಾಗಿದ ಸಸಿಯನ್ನು ಮೆಲ್ಲನೆ ನೇರ ಹಿಡಿದು ಅಳೆಯುವುದು. ಪ್ರತಿ ಸಸಿಯ ಎತ್ತರಕ್ಕೆ ಸರಿಯಾಗಿ ಒಂದೊಂದು ಕಾಗದದ ಪಟ್ಟಿ ಕತ್ತರಿಸಿ, ಅವನ್ನು ಎತ್ತರದ ಕ್ರಮದಲ್ಲಿ ಜೋಡಿಸಿ, ನಟ್ಟನಡುವಿನ ಪಟ್ಟಿಯನ್ನು ಆರಿಸಿಕೊಳ್ಳಬಹುದು. ಸರಾಸರಿಗೆ ಬೇಕಾದ ಭಾಗಾಕಾರ ಬಾರದ ಮಕ್ಕಳಿಗೂ ಇದು ಸುಲಭ.

ಈ ನಡುವಿನ ಪಟ್ಟಿಗಳನ್ನು ದಿನಕ್ಕೊಂದರಂತೆ ದೊಡ್ಡ ಹಾಳೆಯ ಮೇಲೆ, ಒಂದೇ ಗೆರೆಯಿಂದ ಮೇಲಕ್ಕೆ ಅಂಟಿಸುತ್ತಾ ಹೋದರೆ ಸ್ತಂಭನಕ್ಷೆ ತಾನಾಗಿಯೇ ಸಿದ್ಧವಾಗುತ್ತದೆ. ಬಿಸಿಲಿನ ಗಿಡಕ್ಕೊಂದು ಬಣ್ಣ, ಕತ್ತಲಿನ ಗಿಡಕ್ಕೊಂದು ಬಣ್ಣ. ಭಾನುವಾರ ಅಳೆಯದಿದ್ದರೆ ಆ ಜಾಗ ಖಾಲಿಯೇ ಇರಲಿ. ಸೋಮವಾರದ ಪಟ್ಟಿಯನ್ನು ಅಲ್ಲಿಗೆ ಸರಿಸುವಂತಿಲ್ಲ. ಸಂಖ್ಯೆಗಳನ್ನು ಹೀಗೆ ಗೆರೆ, ಸ್ತಂಭಗಳಾಗಿ ತೋರಿಸುವುದನ್ನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಬಳಕೆಗೆ ತಂದ. ಅಂದು ದೇಶಗಳ ವ್ಯಾಪಾರವನ್ನು ತೋರಿಸಿದ ಉಪಾಯವನ್ನೇ ಇಲ್ಲಿ ಮಕ್ಕಳು ಬಳಸುತ್ತಾರೆ.

ತಪ್ಪಿದಂತೆ ಕಾಣುವ ಅಂಕಿ

ಹತ್ತು ದಿನ ಕಳೆಯುವಷ್ಟರಲ್ಲಿ ಒಂದು ಅಚ್ಚರಿ ಎದುರಾಗುತ್ತದೆ. ಬಿಸಿಲಿನ ಗಿಡವೇ ಉದ್ದ ಬೆಳೆಯುತ್ತದೆ ಎಂದು ಬಹುತೇಕರು ಊಹಿಸಿರುತ್ತಾರೆ. ಆದರೆ ಕತ್ತಲಿನ ಸಸಿಯ ಪಟ್ಟಿಗಳೇ ಎತ್ತರವಾಗಿರುತ್ತವೆ! ಬೆಳಕು ಸಿಗದ ಸಸಿ ಕಾಳಿನಲ್ಲಿರುವ ಆಹಾರವನ್ನೆಲ್ಲ ಕಾಂಡವನ್ನು ಉದ್ದವಾಗಿಸಲು ಸುರಿದು, ಬೆಳಕನ್ನು ಹುಡುಕುತ್ತಾ ಚಾಚಿಕೊಳ್ಳುತ್ತದೆ. ಅದರ ಬಣ್ಣ ಹಳದಿ, ಕಾಂಡ ಸಣಕಲು, ಎಲೆ ಚಿಕ್ಕದು. ಕಾಳಿನ ಆಹಾರ ಮುಗಿದರೆ ಅದು ಬದುಕುವುದಿಲ್ಲ. ಎತ್ತರ ಹೆಚ್ಚಿದ್ದರೆ ಆರೋಗ್ಯವೂ ಹೆಚ್ಚು ಎಂದೇನಿಲ್ಲ ಎನ್ನುವ ಪಾಠವನ್ನು ಅದು ಹೇಳಿಕೊಡುತ್ತದೆ.

ದೊಡ್ಡವರ ತಾಳ್ಮೆಗೆ ಪರೀಕ್ಷೆ ಇಲ್ಲೇ. "ಎಲ್ಲೋ ತಪ್ಪಾಗಿದೆ, ಅಳಿಸಿ ಸರಿಯಾಗಿ ಬರಿ" ಎಂದರೆ ಮಗು ಕಲಿಯುವುದು ಒಂದೇ: ಕಂಡದ್ದನ್ನಲ್ಲ, ಟೀಚರಿಗೆ ಇಷ್ಟವಾಗುವುದನ್ನು ಬರೆಯಬೇಕು. ನಿನ್ನೆ 5 ಸೆಂ.ಮೀ. ಇದ್ದ ಸಸಿ ಇಂದು 4 ಸೆಂ.ಮೀ. ಆಗಿದ್ದರೂ ಹಾಗೆಯೇ. ಆ ಅಂಕಿಯನ್ನು ಅಳಿಸುವ ಬದಲು ಏನಾಗಿರಬಹುದು ಎಂದು ಕೇಳೋಣ. ಬಾಗಿದ ಸಸಿಯನ್ನು ನೇರ ಹಿಡಿಯಲಿಲ್ಲವೇ? ಚಿಪ್ಪಿನ ಅಂಚಿನಿಂದ ಅಳೆದರೇ? ಕೋಳಿ ಕುಕ್ಕಿತೇ? ಮತ್ತೊಮ್ಮೆ ಅಳೆದು, ಹಳೆಯದರ ಪಕ್ಕದಲ್ಲೇ ಹೊಸ ಅಂಕಿಯನ್ನೂ ಕಾರಣವನ್ನೂ ಬರೆದರಾಯಿತು.

ತರಗತಿಯಲ್ಲಾದರೆ ಎಲ್ಲರೂ ಒಂದೇ ಬೆಂಚನ್ನು ಅಳೆದು, ಬೋರ್ಡಿನ ಮೇಲಿನ ಸಂಖ್ಯಾರೇಖೆಯಲ್ಲಿ ತಮ್ಮ ಉತ್ತರದ ಮೇಲೊಂದು ಗುರುತು ಹಾಕಬಹುದು. ಹೆಚ್ಚಿನ ಗುರುತುಗಳು ಒಂದೆಡೆ ಗುಂಪಾಗುತ್ತವೆ, ಒಂದೆರಡು ದೂರ ಉಳಿಯುತ್ತವೆ. ಅಳತೆಯಲ್ಲಿ ಸಣ್ಣ ವ್ಯತ್ಯಾಸ ಸಹಜ, ದೊಡ್ಡ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು ಎನ್ನುವುದು ಆಗ ಕಣ್ಣಿಗೇ ಕಾಣುತ್ತದೆ.

ನಮ್ಮ ಮನೆಯಲ್ಲೇ ಇರುವ ಗ್ರಾಫ್

ಇದು ಬರೀ ಶಾಲೆಯ ಚಟುವಟಿಕೆಯಲ್ಲ. ತಾಯಿ ಗರ್ಭಿಣಿಯಾಗಿದ್ದಾಗಲೇ ಸಿಗುವ ತಾಯಿ ಕಾರ್ಡಿನಲ್ಲಿ ಒಂದು ಗ್ರಾಫ್ ಇರುತ್ತದೆ. ಅಂಗನವಾಡಿಯಲ್ಲಿ ಮಗುವನ್ನು ತೂಗಿ ಅದರಲ್ಲಿ ಚುಕ್ಕಿ ಹಾಕುತ್ತಾರೆ. ಈ ಬೆಳವಣಿಗೆ ನಕ್ಷೆಗೆ ಆಧಾರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡ. ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು ಅದನ್ನು ರೂಪಿಸಲಾಯಿತು. ಅದರಲ್ಲಿ ಎರಡು ವರ್ಷದವರೆಗೆ ಮಗುವನ್ನು ಮಲಗಿಸಿ, ಆಮೇಲೆ ನಿಲ್ಲಿಸಿ ಅಳೆಯುತ್ತಾರೆ. ನಿಂತಾಗಿನ ಅಳತೆ ಸುಮಾರು 0.7 ಸೆಂ.ಮೀ. ಕಡಿಮೆ ಬರುವುದರಿಂದ ಆ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಲಾಗಿದೆ. ಹೇಗೆ ಅಳೆದೆವು ಎನ್ನುವುದು ಎಷ್ಟು ಮುಖ್ಯ ನೋಡಿ!

ಆ ಕಾರ್ಡಿನಲ್ಲಿ ಒಂದು ಚುಕ್ಕಿಗಿಂತ ಚುಕ್ಕಿಗಳು ಸಾಗುವ ದಿಕ್ಕು ಹೆಚ್ಚು ಹೇಳುತ್ತದೆ. ಗೆರೆ ಮೇಲೇರದೆ ಮಲಗಿಬಿಟ್ಟರೆ, ನೋಡಲು ಚೆನ್ನಾಗಿರುವ ಮಗುವಿಗೂ ಗಮನ ಬೇಕು. ತೂಗದೆ ಅಂದಾಜಿನಲ್ಲಿ ಹಾಕಿದ ಚುಕ್ಕಿ, ಚಂದ ಕಾಣಲೆಂದು ತಿದ್ದಿದ ಚುಕ್ಕಿ ಈ ಎಚ್ಚರಿಕೆಯನ್ನೇ ಮುಚ್ಚಿಹಾಕುತ್ತದೆ. ಅದರ ಬೆಲೆ ತೆರುವುದು ಮಗು.

ಆದ್ದರಿಂದ ಮಕ್ಕಳ ಗ್ರಾಫ್ ಎಷ್ಟು ಅಂದವಾಗಿದೆ ಎಂದು ನೋಡುವ ಬದಲು ನಾವು ಮೂರು ಪ್ರಶ್ನೆ ಕೇಳೋಣ. ಇದನ್ನು ಹೇಗೆ ಅಳೆದೆ? ಇದರಲ್ಲಿ ನಿನಗೆ ಏನು ಕಾಣುತ್ತಿದೆ? ನಾಳೆಯ ಪಟ್ಟಿ ಎಷ್ಟು ಎತ್ತರ ಇರಬಹುದು? ಮೂರನೆಯ ಪ್ರಶ್ನೆಗೆ ಮಗು ಹೇಳಿದ ಉತ್ತರವನ್ನು ಬರೆದಿಟ್ಟುಕೊಂಡು, ಮರುದಿನ ಅಳತೆಪಟ್ಟಿ ಹಿಡಿದು ಮಗುವಿನ ಜೊತೆಗೇ ನೋಡೋಣ.