ಹೊಗೆಸೊಪ್ಪಿನ ಋಣ

ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಒಂದು ಮೊರವಿತ್ತು. ಅದರಲ್ಲಿ ಅಕ್ಕಿ ಕೇರಿದ್ದನ್ನು ನಾನು ಕಂಡವನಲ್ಲ. ಒಂದು ಬದಿಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪಿನ ಹುಡಿ, ನಡುವೆ ಅಮ್ಮನ ಬೆರಳುಗಳು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ನಲವತ್ತು ಕಟ್ಟಾದರೆ ಸಾವಿರ. ಆ ಲೆಕ್ಕದ ದುಡ್ಡಿನಲ್ಲಿಯೇ ನಾನು ಎಂ.ಎ. ಮುಗಿಸಿ ಕಾರ್ಕಳದಲ್ಲಿ ಕನ್ನಡ ಅಧ್ಯಾಪಕನಾದೆ. ಅದೇ ಹೊಗೆಸೊಪ್ಪನ್ನು ಇಪ್ಪತ್ತು ವರ್ಷ ಸೇದಿದ್ದೂ ಉಂಟು. ಬಿಡಲು ಹೊರಟಾಗ, ಇದು ನಮ್ಮನ್ನು ಇಷ್ಟು ಬಿಗಿಯಾಗಿ ಹಿಡಿದ ಬಗೆ ಎಂತಹುದೆಂದು ತಿಳಿಯುವ ಹಂಬಲ ಹುಟ್ಟಿತು.

ಹೊಗೆಸೊಪ್ಪು ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಡುವಣ ಕರಾವಳಿಗೆ ಬಂದದ್ದು. ಮೆಣಸಿನಕಾಯಿ, ಗೋಡಂಬಿಗಳೂ ಹಾಗೆ ಬಂದ ಅತಿಥಿಗಳೇ. ಕನ್ನಡಿಗ ಇದಕ್ಕೆ ತನ್ನ ಮಾತಿನಲ್ಲಿಯೇ ಹೆಸರಿಟ್ಟ. ತುಳುವ ‘ಪುಗೆರೆ’ ಎಂದ. ಮನೆಯ ಹೆಸರು ಬಿದ್ದ ಮೇಲೆ ಅದನ್ನು ಪರದೇಶಿ ಎನ್ನುವವರಾರು? 1617ರಲ್ಲಿ ಜಹಾಂಗೀರ ಬಾದಶಹನು ಧೂಮಪಾನವನ್ನು ನಿಷೇಧಿಸಿದ. ಆಜ್ಞೆ ಅವನ ಆತ್ಮಚರಿತ್ರೆಯಲ್ಲಿ ಉಳಿಯಿತು. ಹೊಗೆ ದೇಶದಲ್ಲಿ ಉಳಿಯಿತು.

ಆಗಿನ ಕೆನರಾ ಜಿಲ್ಲೆಯನ್ನಾಳಿದ ಈಸ್ಟ್ ಇಂಡಿಯಾ ಕಂಪೆನಿ ನಿಷೇಧದ ಗೊಡವೆಗೆ ಹೋಗಲಿಲ್ಲ. ಉಪ್ಪಿನಂತೆ ಹೊಗೆಸೊಪ್ಪನ್ನೂ ತನ್ನ ಏಕಸ್ವಾಮ್ಯವಾಗಿ ಮಾಡಿಕೊಂಡು ಲಾಭ ಎಣಿಸಿತು. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದು ಮಂಗಳೂರನ್ನು ಕೆಲವು ದಿನ ಕೈವಶ ಮಾಡಿಕೊಂಡ ದಂಗೆಯನ್ನು ನಮ್ಮ ಹಿರಿಯರು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುತ್ತಿದ್ದರು. ರೈತರ ಅಂದಿನ ಅಸಮಾಧಾನಗಳಲ್ಲಿ ಕಂದಾಯದ ಭಾರದೊಡನೆ ಈ ಏಕಸ್ವಾಮ್ಯವೂ ಸೇರಿತ್ತು. 1853ರಲ್ಲಿ ಅದು ರದ್ದಾಯಿತು. ಗೆದ್ದದ್ದು ಜನವೋ ಹೊಗೆಸೊಪ್ಪೋ ಎಂಬುದನ್ನು ವಾಚಕರೇ ಹೇಳಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಬೀಡಿ ನಮ್ಮ ಜಗಲಿಯನ್ನೇ ಏರಿತು. ಹೆಂಗಸರು ಮನೆಬಿಟ್ಟು ಹೋಗದೆ ನಾಲ್ಕು ಕಾಸು ಕಾಣುವ ಕೆಲಸ ಅದು. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಕಾಯಿದೆ ಬಂತು. 1976ರಲ್ಲಿ ಕಲ್ಯಾಣನಿಧಿ ಬಂತು. ನನ್ನ ಹೈಸ್ಕೂಲಿನ ವಿದ್ಯಾರ್ಥಿವೇತನ ಆ ನಿಧಿಯದೇ. ಬೀಡಿಯ ಮೇಲಿನ ಕರದಿಂದ ತುಂಬಿದ ನಿಧಿ ಅದು. ಯಾರೋ ಸೇದಿದ ಹೊಗೆಯಿಂದ ನಾನು ಹಳಗನ್ನಡ ಕಲಿತೆ ಎಂದರೆ ಸುಳ್ಳಲ್ಲ.

ಹೊಗೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಇಂಗ್ಲೆಂಡಿನ ಡಾಲ್ ಮತ್ತು ಹಿಲ್ 1950ರಲ್ಲಿಯೇ ತೋರಿಸಿದ್ದರು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, 1965ರಲ್ಲಿ ದಂತವೈದ್ಯ ಕಾಲೇಜು ತೆರೆದವು. ಹೀಗೆ ಅರಿವು ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿತ್ತು. ಆದರೆ ಅರಿವೇ ಸಾಕಾಗಿದ್ದರೆ ಓದಿದವರು ಸೇದುತ್ತಿರಲಿಲ್ಲ. 2008ರ ಗಾಂಧಿ ಜಯಂತಿಯಂದು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಹೊಸ ನಿಯಮ ಜಾರಿಗೆ ಬಂದಾಗ ನಾನು ಮಾಡಿದ್ದಿಷ್ಟೆ: ಕಾಲೇಜಿನಿಂದ ನೂರು ಹೆಜ್ಜೆ ಆಚೆ ನಡೆದು ಸೇದಿದೆ.

ಒಬ್ಬನೇ ಹಠ ಹಿಡಿದು ಮೂರು ಸಲ ಬಿಟ್ಟೆ, ಮೂರು ಸಲವೂ ಸೋತೆ. ಬಳಿಕ ಮಣಿಪಾಲದ ದಂತವೈದ್ಯರೊಬ್ಬರು ನನ್ನ ಕೆನ್ನೆಯೊಳಗಿನ ಬಿಳಿಯ ಕಲೆಯನ್ನು ಕನ್ನಡಿಯಲ್ಲಿ ತೋರಿಸಿದರು. ಅಂದು ಭಯವೂ ನಾಚಿಕೆಯೂ ಒಟ್ಟಿಗೇ ಆದವು. 2002ರಿಂದಲೇ ಸರಕಾರ ವ್ಯಸನ ಬಿಡಿಸುವ ಚಿಕಿತ್ಸಾಲಯಗಳನ್ನು ಆರಂಭಿಸಿತ್ತು. ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿಗಳು ಮೊದಲ ಹದಿಮೂರರಲ್ಲಿ ಸೇರಿದ್ದವು. 2016ರಲ್ಲಿ ಉಚಿತ ದೂರವಾಣಿಯ ನೆರವೂ ಬಂತು. 1800-11-2356 ಎಂಬ ಆ ಸಂಖ್ಯೆಯನ್ನು 2018ರಿಂದ ಪೊಟ್ಟಣದ ಮೇಲೆಯೇ ಅಚ್ಚುಹಾಕುತ್ತಾರೆ. ನಾನು ಅದನ್ನು ಎಷ್ಟು ಸಲ ಹರಿದೆಸೆದಿದ್ದೆನೋ!

ಕೊನೆಗೊಂದು ದಿನ ಕರೆ ಮಾಡಿದೆ. ಉಪದೇಶವನ್ನು ನಿರೀಕ್ಷಿಸಿದ್ದವನಿಗೆ ಕೇಳಿಸಿದ್ದು ಒಂದು ಪ್ರಶ್ನೆ: ‘ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಸೇದುತ್ತೀರಿ, ಸಾರ್?’ ಬಿಡುವ ತಾರೀಖನ್ನು ನನ್ನಿಂದಲೇ ಹೇಳಿಸಿದರು. ಮನೆಯವರಿಗೆ ತಿಳಿಸಲು ಹೇಳಿದರು. ಆಸೆ ಕೆರಳಿದಾಗ ನೀರು ಕುಡಿದು ಹತ್ತು ನಿಮಿಷ ತಳ್ಳಿ ಎಂದರು. ಅವರೇ ಮತ್ತೆ ಕರೆ ಮಾಡಿ ವಿಚಾರಿಸಿಕೊಂಡರು. ಸಂಜೆಯ ಸಿಗರೇಟಿನ ಹೊತ್ತಿಗೆ ನನ್ನ ಸಹೋದ್ಯೋಗಿಯೊಬ್ಬರು ನನ್ನನ್ನು 1432ರ ಗೊಮ್ಮಟನ ಬೆಟ್ಟಕ್ಕೆ ಹತ್ತಿಸತೊಡಗಿದರು. ಮೊದಮೊದಲು ಅರ್ಧ ಮೆಟ್ಟಿಲಿಗೇ ಕುಳಿತುಬಿಡುತ್ತಿದ್ದೆ. ಉಡುಪಿಯ ಬಸ್‌ನಿಲ್ದಾಣದಲ್ಲಿ ಒಮ್ಮೆ ಜಾರಿದ್ದೂ ಉಂಟು. ಅದನ್ನು ಹೇಳಿದಾಗ ಯಾರೂ ಬಯ್ಯಲಿಲ್ಲ. ಇನ್ನೊಂದು ತಾರೀಖು ಹಿಡಿಯಿರಿ ಎಂದರು. ಆ ತಾರೀಖಿಗೆ ಈಗ ನಾಲ್ಕು ವರ್ಷ.

ಬಾದಶಹನ ಆಜ್ಞೆಯಿಂದಲೂ ಕಂಪೆನಿಯ ಬೆಲೆಯಿಂದಲೂ ಆಗದ್ದು ಇಷ್ಟು ಸಣ್ಣ ಜೊತೆಗಾರಿಕೆಯಿಂದ ಆಯಿತು. ಹಾಗೆಂದು ಹೊಗೆಸೊಪ್ಪನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಉಂಡ ಅನ್ನದ ನೆನಪು ಅಡ್ಡ ಬರುತ್ತದೆ. ಅಮ್ಮ ಇಂದಿಗೂ ಕೈಲಾದಷ್ಟು ಬೀಡಿ ಕಟ್ಟುತ್ತಾಳೆ. ನಾನು ಬಿಟ್ಟೆನೆಂದು ಹೇಳಿದಾಗ ಅವಳು ಏನೂ ಆಡಲಿಲ್ಲ. ಆದರೆ ಅಂದಿನಿಂದ, ಭಾನುವಾರ ನಾನು ಅಂಗಳಕ್ಕೆ ಕಾಲಿಡುವ ಮೊದಲೇ, ಮೊರವನ್ನು ಎತ್ತಿಕೊಂಡು ಹಿತ್ತಿಲ ಬದಿಗೆ ಹೋಗಿಬಿಡುತ್ತಾಳೆ.