ಮರಳಿನಿಂದ ಕಡತದವರೆಗೆ: ಮಕ್ಕಳ ಬರವಣಿಗೆಯ ಹಳೆಯ ದಾರಿ

ಮಕ್ಕಳಿಗೆ ಬರೆಯಲು ಕಲಿಸುವುದೆಂದರೆ ಕಾಪಿ ಪುಸ್ತಕದಲ್ಲಿ ಒಂದೇ ಸಾಲನ್ನು ಹತ್ತು ಸಲ ಬರೆಸುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಇನ್ನೂರು ವರ್ಷಗಳ ಹಿಂದೆ ಹೇಗೆ ಕಲಿಸುತ್ತಿದ್ದರು ಎಂಬುದಕ್ಕೆ ದಾಖಲೆ ಇದೆ. ಆ ದಾಖಲೆಗೆ ಕಾರಣನಾದವನಿಗೆ ಧರ್ಮಪುರಿಯ ನಂಟೂ ಇತ್ತು, ನಮ್ಮ ಕರಾವಳಿಯ ನಂಟೂ ಇತ್ತು.

1792ರಲ್ಲಿ ಬಾರಾಮಹಲ್, ಅಂದರೆ ಇಂದಿನ ಧರ್ಮಪುರಿ-ಕೃಷ್ಣಗಿರಿ ಸೀಮೆ, ಟಿಪ್ಪುವಿನ ಕೈಯಿಂದ ಕಂಪೆನಿಗೆ ಹೋಯಿತು. ಅಲ್ಲಿ ಏಳು ವರ್ಷ ಕಂದಾಯದ ಕೆಲಸ ಮಾಡಿದ ಥಾಮಸ್ ಮನ್ರೋ 1799ರಲ್ಲಿ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ. ಮುಂದೆ ಮದ್ರಾಸಿನ ಗವರ್ನರ್ ಆದಾಗ, 1822ರಲ್ಲಿ, ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. 1826ರ ಹೊತ್ತಿಗೆ 12,498 ಶಾಲೆಗಳ ಲೆಕ್ಕ ಸಿಕ್ಕಿತು. ಸೇಲಂ ಲೆಕ್ಕ ಕೊಟ್ಟಿತು. ನಮ್ಮ ಕೆನರಾದಿಂದ ಮಾತ್ರ ಪಟ್ಟಿ ಹೋಗಲಿಲ್ಲ. ಹಾಗಾಗಿ ನಮ್ಮ ಅಜ್ಜಂದಿರ ಕಾಲದ ಶಾಲೆಗಳು ಆ ಲೆಕ್ಕದಲ್ಲಿಲ್ಲ.

ಕಲಿಸುವ ಕ್ರಮವನ್ನು ವಿವರವಾಗಿ ಬರೆದವನು ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್, 1823ರಲ್ಲಿ. ಮಗು ಮೊದಲು ಬೆರಳಿನಿಂದ ಮರಳಿನಲ್ಲಿ ಅಕ್ಷರ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ಓಲೆಗರಿ, ಕಾಗದ, ಇಲ್ಲವೇ ಕಡತ. ಕಡತವೆಂದರೆ ಹುಣಸೆ ಬೀಜದ ಅಂಟು ಮತ್ತು ಇದ್ದಲಿನ ಪುಡಿ ಬಳಿದ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆದು ಅಳಿಸಬಹುದು. ಅಂಗಡಿಯವರು ಲೆಕ್ಕ ಬರೆಯುತ್ತಿದ್ದುದೂ ಇದರಲ್ಲೇ. ಅಂಗಡಿಯವನ ಮಗನಾದ ನನಗೆ ಈ ಸಂಗತಿ ಬಹಳ ಹಿಡಿಸಿತು. ಅಕ್ಷರ ಕಲಿತ ಮಕ್ಕಳು ಬೇರೆ ಬೇರೆ ಜನರ ಕೈಬರಹದ ಪತ್ರಗಳನ್ನು ಓದುತ್ತಿದ್ದರು, ತಾವೇ ಪತ್ರ, ಕರಾರು ಬರೆದು ಅಭ್ಯಾಸ ಮಾಡುತ್ತಿದ್ದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುತ್ತಿದ್ದರು. ಮದ್ರಾಸಿನಲ್ಲಿ ಮರಳಿನ ಬರಹ ಕಂಡ ಆಂಡ್ರ್ಯೂ ಬೆಲ್ ಅದನ್ನು ತನ್ನ ಶಾಲೆಗೆ ತಂದು, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವನ್ನೇ ಮಾಡಿದ.

ಕ್ಯಾಂಪ್‌ಬೆಲ್ ಒಂದು ಕೊರತೆಯನ್ನೂ ಹೇಳಿದ್ದಾನೆ. ಪಾಠದ ಪುಸ್ತಕಗಳ ಭಾಷೆ ಆಡುಮಾತಲ್ಲ. ಮಕ್ಕಳು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದರು.

ಧರ್ಮಪುರಿ, ಸೇಲಂ ಸೇರಿದಂತೆ ತಮಿಳುನಾಡಿನ ಸರಕಾರಿ ಶಾಲೆಗಳು 2007ರ ಸುಮಾರಿಗೆ ಚಟುವಟಿಕೆಯ ಕಲಿಕೆಗೆ ಬಂದಾಗ, ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮಕ್ಕಳಿಗೆ ಅವರ ಎತ್ತರದಲ್ಲೇ ಬರೆಯುವ ಜಾಗ ಕೊಟ್ಟವು. 2022ರಲ್ಲಿ 'ಎಣ್ಣುಂ ಎಳುತ್ತುಂ' ಯೋಜನೆ 1ರಿಂದ 3ನೇ ತರಗತಿಗೆ ಬಂತು. ತಪ್ಪಿದರೆ ಅಳಿಸಿ ಮತ್ತೆ ಬರೆಯುವ ಧೈರ್ಯ ಕೊಡುತ್ತಿದ್ದುದು ಅಂದು ಮರಳು, ಇಂದು ಈ ಗೋಡೆ.

ಕ್ಯಾಂಪ್‌ಬೆಲ್ ಹೇಳಿದ ಕೊರತೆ ನಮಗೆ ಹೊಸದಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ ಆಡಿ ಶಾಲೆಯಲ್ಲಿ ಕನ್ನಡ ಬರೆಯುತ್ತಾರೆ. ನಮ್ಮ ಮಾತನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇವಲ್ಲ? ಉಮ್ಮ ಹೇಳಿದ ಸಾಮಾನಿನ ಪಟ್ಟಿಯನ್ನು ಮಗು ಬ್ಯಾರಿಯಲ್ಲೇ ಬರೆಯಲಿ, ಆಮೇಲೆ ಕನ್ನಡದಲ್ಲಿ. ಗಲ್ಫಿನಲ್ಲಿರುವ ಮಾವನಿಗೆ ನಾಲ್ಕು ಸಾಲು ಬರೆಯಲಿ. ತಿದ್ದುವ ಮೊದಲು ಏನು ಬರೆದಿದೆ ಎಂದು ಓದಿಸಿ ಕೇಳೋಣ. ಬರೆದಿಟ್ಟವರ ಲೆಕ್ಕ ಉಳಿಯುತ್ತದೆ, ಬರೆಯದವರದ್ದು ಹೋಗುತ್ತದೆ. 1822ರಲ್ಲಿ ಆದದ್ದು ಅದೇ.