ರಕ್ತ ಹೆಪ್ಪುಗಟ್ಟುವುದರಲ್ಲಿ ಏರುಪೇರಿದ್ದರೆ ಲಿವರ್ ದಾನ ಮಾಡಬಹುದೇ?

ಅಪ್ಪನಿಗೆ ಲಿವರ್‌ನ ಒಂದು ಭಾಗ ಕೊಡಲು ಮಗಳು ಮುಂದೆ ಬಂದಿದ್ದಾಳೆ ಎಂದುಕೊಳ್ಳಿ. ಪರೀಕ್ಷೆಯಲ್ಲಿ ‘ಎಪಿಟಿಟಿ ಹೆಚ್ಚು’ ಎಂದು ಬರುತ್ತದೆ. ಅಂದರೆ ಅವಳ ರಕ್ತ ಹೆಪ್ಪುಗಟ್ಟಲು ಹೆಚ್ಚು ಸಮಯ ಹಿಡಿಯುತ್ತಿದೆ. ಅಲ್ಲಿಗೆ ದಾನದ ಮಾತು ಮುಗಿಯಿತೇ? ಹಾಗೇನಿಲ್ಲ. ಕಾರಣ ಯಾವುದು ಎಂಬುದು ಮುಖ್ಯ.

ಫ್ಯಾಕ್ಟರ್ 12 ಕೊರತೆಯಿದ್ದರೆ ಈ ಸಂಖ್ಯೆ ಗಾಬರಿ ಹುಟ್ಟಿಸುವಷ್ಟು ಏರುತ್ತದೆ, ಆದರೆ ಆಪರೇಷನ್‌ನಲ್ಲೂ ಅದರಿಂದ ಹೆಚ್ಚು ರಕ್ತ ಹೋಗುವುದಿಲ್ಲ. ಫ್ಯಾಕ್ಟರ್ 11 ಕಡಿಮೆಯಿದ್ದರೆ ಮಾತ್ರ ರಕ್ತಸ್ರಾವದ ಭಯವಿದೆ.

ರಕ್ತ ಹೆಪ್ಪುಗಟ್ಟಿಸುವ ಬಹುತೇಕ ಪ್ರೋಟೀನ್‌ಗಳು ತಯಾರಾಗುವುದು ಲಿವರ್‌ನಲ್ಲೇ. ಕಸಿಯಾದ ಲಿವರ್ ದಾನಿಯ ಜೀನ್ ಪ್ರಕಾರವೇ ಕೆಲಸ ಮಾಡುತ್ತದೆ. ಹಾಗಾಗಿ ದಾನಿಯ ಫ್ಯಾಕ್ಟರ್ 11 ಕೊರತೆ ರೋಗಿಗೂ ಬರಬಹುದು. ಇದೇ ಕಾರಣಕ್ಕೆ, ಹಿಮೋಫಿಲಿಯಾ ಇರುವವರಿಗೆ ಆರೋಗ್ಯವಂತ ಲಿವರ್ ಕಸಿಯಾದರೆ ಅವರ ರಕ್ತಸ್ರಾವದ ತೊಂದರೆಯೇ ವಾಸಿಯಾಗುತ್ತದೆ! (ಮಕ್ಕಳಿಗೆ ದಾಟುವ ಜೀನ್ ಮಾತ್ರ ಹಾಗೇ ಉಳಿಯುತ್ತದೆ.)

ರಕ್ತ ಸುಲಭವಾಗಿ ಹೆಪ್ಪುಗಟ್ಟುವ ದೋಷಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಫ್ಯಾಕ್ಟರ್ 5 ಲೈಡನ್, ಪ್ರೋಟೀನ್ ಸಿ ಕೊರತೆ ಇಂಥವು. ಮಾಮೂಲಿ ಪಿಟಿ, ಎಪಿಟಿಟಿ ಪರೀಕ್ಷೆಯಲ್ಲಿ ಇವು ಕಾಣದೇ ಹೋಗಬಹುದು. ಆಪರೇಷನ್ ಬಳಿಕ ದಾನಿಯ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅತ್ತ ರೋಗಿಗೆ ಹೊಸ ಲಿವರ್‌ನ ರಕ್ತನಾಳವೇ ಮುಚ್ಚಿಹೋಗಬಹುದು.

ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಪದೇ ಪದೇ ಗರ್ಭಪಾತವಾಗಿದ್ದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೇ ಹೋಗಿದ್ದರೆ, ದಾನಿ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.